ಗಾಳಿಯ ಸಾಲ: ವಿಜಯಪುರದ ಹವಾಮಾನ ಮತ್ತು ನಗರದ ವಾಯುಮಾಲಿನ್ಯ

(ಬಳಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ ನಗರಗಳ ವಾಯು ಗುಣಮಟ್ಟ ಸೂಚ್ಯಂಕವನ್ನು ಪ್ರತಿದಿನವೂ ಪ್ರಕಟಿಸುತ್ತದೆ. ಆ ಪಟ್ಟಿಯನ್ನು ಆಧರಿಸಿ ಪತ್ರಿಕೆಗಳು ಆಗಾಗ ‘ಶುದ್ಧ ಗಾಳಿಯ ನಗರಗಳು’ ಎಂಬ ಸುದ್ದಿಯನ್ನು ಮುದ್ರಿಸುತ್ತವೆ. 2025ರ ಜನವರಿಯಲ್ಲಿ ಇಂಥ ಸುದ್ದಿಗಳಲ್ಲಿ ಕರ್ನಾಟಕದ ಎರಡು ಊರುಗಳ ಹೆಸರು ಒಟ್ಟೊಟ್ಟಿಗೆ ಕಾಣಿಸಿಕೊಂಡವು. ಒಂದು ಮಡಿಕೇರಿ, ಇನ್ನೊಂದು ವಿಜಯಪುರ. ಮಡಿಕೇರಿಯ ಹೆಸರು ಯಾರಿಗೂ ಅಚ್ಚರಿ ತರಲಿಲ್ಲ. ಸುತ್ತ ಕಾಡು, ವರ್ಷಕ್ಕೆ 3 ಸಾವಿರ ಮಿ.ಮೀ. ಮೀರಿದ ಮಳೆ, ಕಾರ್ಖಾನೆಗಳಿಲ್ಲದ ಊರು. ಆದರೆ ವಿಜಯಪುರ? ಜಿಲ್ಲೆಯ ಅರಣ್ಯ ಪ್ರಮಾಣ ಶೇಕಡಾ 1ಕ್ಕಿಂತಲೂ ಕಡಿಮೆ. ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಾತ್ರ. ಸೊಲ್ಲಾಪುರದಿಂದ ಹುಬ್ಬಳ್ಳಿಗೆ ಸಾಗುವ 52ನೆಯ ರಾಷ್ಟ್ರೀಯ ಹೆದ್ದಾರಿಯ ಲಾರಿಗಳ ಸಾಲು, ಬೇಸಗೆಯ ಧೂಳು, 2011ರ ಜನಗಣತಿಯಲ್ಲಿಯೇ 3 ಲಕ್ಷ ದಾಟಿದ ಜನಸಂಖ್ಯೆ. ಹೀಗಿರುವ ಊರು ಮಡಿಕೇರಿಯ ಪಕ್ಕದಲ್ಲಿ ನಿಂತುದು ಹೇಗೆ?

ಮರಗಳೇ ಗಾಳಿಯನ್ನು ಶುದ್ಧಗೊಳಿಸುತ್ತವೆ, ಕಾಡಿಲ್ಲದೆಡೆ ಗಾಳಿ ಮಲಿನವಾಗಿರುತ್ತದೆ ಎಂಬ ಸರಳ ತಿಳಿವಳಿಕೆ ಈ ಪ್ರಶ್ನೆಗೆ ಉತ್ತರ ನೀಡಲಾರದು. ಉತ್ತರವಿರುವುದು ಹವಾಮಾನದಲ್ಲಿ. ಆ ಉತ್ತರವನ್ನು ಬಯಲುಸೀಮೆಯವರಿಗಿಂತಲೂ ಹೆಚ್ಚಾಗಿ ಮಲೆನಾಡಿನವರು ತಿಳಿಯಬೇಕಾಗಿದೆ. ಕಾರಣವು ಈ ಮಾತಿನ ಕೊನೆಯ ಭಾಗದಲ್ಲಿ ಸ್ಪಷ್ಟವಾಗುವುದು.

ಹೊರೆ ಬೇರೆ, ಸಾಂದ್ರತೆ ಬೇರೆ

ಒಂದು ಹಿಡಿ ಉಪ್ಪನ್ನು ಕೊಡದ ನೀರಿಗೆ ಹಾಕಿದರೆ ನೀರು ಕುಡಿಯಲು ಬಾರದು. ಅದೇ ಹಿಡಿ ಉಪ್ಪನ್ನು ಕೆರೆಗೆ ಹಾಕಿದರೆ ಯಾರ ನಾಲಗೆಗೂ ತಿಳಿಯದು. ಉಪ್ಪು ಅಷ್ಟೇ, ಬದಲಾದದ್ದು ನೀರು. ನಗರವೊಂದು ದಿನಕ್ಕೆ ಹೊರಹಾಕುವ ಹೊಗೆ ಮತ್ತು ಧೂಳು ಮಾಲಿನ್ಯದ ಹೊರೆ. ಜನರ ಶ್ವಾಸಕೋಶಕ್ಕೆ ಇಳಿಯುವುದು ಹೊರೆಯಲ್ಲ, ಸಾಂದ್ರತೆ. ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಕಣಗಳಿವೆ ಎಂಬುದು. ಹೊರೆಯನ್ನು ನಿರ್ಧರಿಸುವವರು ಮನುಷ್ಯರು. ಅದು ಕೊಡದಲ್ಲಿ ಕರಗಬೇಕೋ ಕೆರೆಯಲ್ಲಿ ಕರಗಬೇಕೋ ಎಂಬುದನ್ನು ನಿರ್ಧರಿಸುವುದು ಹವಾಮಾನ.

ಈ ‘ಪಾತ್ರೆ’ಯ ಗಾತ್ರಕ್ಕೆ ಎರಡು ಅಳತೆಗಳಿವೆ. ಮೊದಲನೆಯದು ಎತ್ತರ. ನೆಲದಿಂದ ಮೇಲೆ ಎಲ್ಲಿಯವರೆಗೆ ಗಾಳಿ ಕಲಕಿ ಬೆರೆಯುತ್ತದೆಯೋ ಆ ಪದರಕ್ಕೆ ಮಿಶ್ರಣ ಪದರವೆಂದು ಹೆಸರು. ದಖನ್ನಿನ ಬೇಸಗೆಯ ಮಧ್ಯಾಹ್ನ ಅದು 2ರಿಂದ 3 ಕಿ.ಮೀ. ಎತ್ತರಕ್ಕೆ ಏರಬಲ್ಲುದು. ಚಳಿಗಾಲದ ನಿಶ್ಚಲ ರಾತ್ರಿಯಲ್ಲಿ ನೂರಿನ್ನೂರು ಮೀಟರಿಗೆ ಇಳಿಯಬಲ್ಲುದು. ವಿಜಯಪುರದ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಅಂದರೆ ಚಳಿಗಾಲದ ರಾತ್ರಿ ಇಡೀ ನಗರದ ಹೊಗೆಯು ಎರಡು ಮೂರು ಗೋಳಗುಮ್ಮಟಗಳನ್ನು ಒಂದರ ಮೇಲೊಂದು ಇರಿಸಿದಷ್ಟು ಎತ್ತರದ ಕೋಣೆಯೊಳಗೆ ಸಿಲುಕಿರುತ್ತದೆ. ಎರಡನೆಯ ಅಳತೆ ಗಾಳಿಯ ವೇಗ. ಗಾಳಿ ವೇಗವಾಗಿ ಬೀಸಿದಷ್ಟೂ ಅದೇ ಹೊಗೆ ಹೆಚ್ಚು ಗಾಳಿಯಲ್ಲಿ ಹಂಚಿಹೋಗುತ್ತದೆ. ಈ ಎರಡರ ಗುಣಲಬ್ಧವನ್ನು ವಾಯುಸಂಚಾರದ ಗುಣಾಂಕವೆಂದು ಪರಿಗಣಿಸುತ್ತಾರೆ. ಪದರದ ಎತ್ತರ ಐದನೆಯ ಒಂದು ಭಾಗಕ್ಕೆ ಇಳಿದು, ಗಾಳಿಯ ವೇಗ ಅರ್ಧಕ್ಕಿಳಿದರೆ, ಅದೇ ಹೊರೆಗೆ ಸಾಂದ್ರತೆಯು ಹತ್ತು ಪಟ್ಟಾಗುತ್ತದೆ. ಒಂದು ವಾಹನವೂ ಹೆಚ್ಚಾಗಿರುವುದಿಲ್ಲ, ಒಂದು ಒಲೆಯೂ ಹೆಚ್ಚಾಗಿರುವುದಿಲ್ಲ.

ಸಹ್ಯಾದ್ರಿ ಹಿಂಡಿ ಕಳುಹಿದ ಗಾಳಿ

ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತವು ಸಹ್ಯಾದ್ರಿಗೆ ಡಿಕ್ಕಿ ಹೊಡೆದು ಮೇಲೇರುತ್ತದೆ, ತಣ್ಣಗಾಗುತ್ತದೆ, ಆಗುಂಬೆಯಂಥ ಸ್ಥಳಗಳಲ್ಲಿ ವರ್ಷಕ್ಕೆ 7 ಸಾವಿರ ಮಿ.ಮೀ. ಮೀರಿ ಸುರಿಯುತ್ತದೆ. ಮಳೆ ಸುರಿದ ಮೇಲೆ ಆ ಗಾಳಿ ನಿಂತುಬಿಡುವುದಿಲ್ಲ. ಘಟ್ಟದ ಪೂರ್ವಕ್ಕೆ ಇಳಿಯುವಾಗ ಬಿಸಿಯೇರುತ್ತದೆ, ಒಣಗುತ್ತದೆ, ಬೆಳಗಾವಿ ಬಾಗಲಕೋಟೆಗಳನ್ನು ದಾಟಿ ವಿಜಯಪುರದ ಪ್ರಸ್ಥಭೂಮಿಯ ಮೇಲೆ ಬೀಸುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಬಯಲಿನಲ್ಲಿ ಅದನ್ನು ತಡೆಯಲು ಬೆಟ್ಟವಿಲ್ಲ, ದಟ್ಟ ಕಾಡಿಲ್ಲ. ಆದುದರಿಂದ ಜೂನ್, ಜುಲೈ ತಿಂಗಳುಗಳಲ್ಲಿ ಟಿಕೋಟಾದ ಮಡ್ಡಿಗಳ ಮೇಲೆ ಗಾಳಿ ಹಗಲಿರುಳೂ ಒಂದೇ ಸಮನೆ ಬೀಸುತ್ತದೆ, ಮಳೆ ಮಾತ್ರ ತುಂತುರಾಗಿ ಬಂದು ಹೋಗುತ್ತದೆ. ಮಲೆನಾಡು ಮಳೆಯನ್ನು ಇರಿಸಿಕೊಂಡು ಗಾಳಿಯನ್ನು ಮುಂದಕ್ಕೆ ಕಳುಹುತ್ತದೆ ಎಂದರೆ ತಪ್ಪಾಗದು.

ಮಳೆ ನೆರಳಿನ ಈ ಸೀಮೆಗೆ ನಿಜವಾದ ಮಳೆ ಬರುವುದು ತಡವಾಗಿ, ಉತ್ತರಾ ಮತ್ತು ಹಸ್ತ ನಕ್ಷತ್ರಗಳಲ್ಲಿ. ಸೆಪ್ಟೆಂಬರ್ ಇಲ್ಲಿನ ಅತಿ ಹೆಚ್ಚು ಮಳೆಯ ತಿಂಗಳು. ಹಿಂಗಾರಿ ಬಿಳಿಜೋಳದ ಬೇಸಾಯವೆಲ್ಲ ಈ ಮಳೆಯನ್ನು ನಂಬಿದೆ. ಹೀಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಯೂ, ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮೊದಲ ಭಾಗದಲ್ಲಿ ಮಳೆಯೂ ನಗರದ ಹೊಗೆಯನ್ನು ಒಂದರ ನಂತರ ಒಂದು ವಿಲೇವಾರಿ ಮಾಡುತ್ತವೆ. ಚಳಿಗಾಲದ ಹಗಲುಗಳಲ್ಲಿಯೂ ಬಯಲಿನ ಬಿಸಿಲು ನೆಲವನ್ನು ಬೇಗ ಕಾಯಿಸುವುದರಿಂದ ಮಧ್ಯಾಹ್ನದ ವೇಳೆಗೆ ಮಿಶ್ರಣ ಪದರ ಚೆನ್ನಾಗಿ ಏರುತ್ತದೆ. ಮಡಿಕೇರಿಯ ಪಕ್ಕದಲ್ಲಿ ವಿಜಯಪುರದ ಹೆಸರು ಬಂದುದರ ಹಿಂದೆ ಈ ತೆರೆದ ಬಯಲಿನ ಉಪಕಾರವಿದೆ.

ಮಳೆಯ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮಳೆ ಹನಿಗಳು ದಪ್ಪ ಧೂಳನ್ನು ಚೆನ್ನಾಗಿ ತೊಳೆಯುತ್ತವೆ. ಆದರೆ 0.1ರಿಂದ 1 ಮೈಕ್ರಾನ್ ಗಾತ್ರದ ಅತಿ ಸಣ್ಣ ಹೊಗೆಯ ಕಣಗಳು ಬೀಳುವ ಹನಿಯ ಸುತ್ತ ಗಾಳಿಯೊಡನೆ ಸರಿದು ತಪ್ಪಿಸಿಕೊಳ್ಳುತ್ತವೆ. ಒಂದು ಸಣ್ಣ ಮಳೆ ಬಿದ್ದ ಕೂಡಲೇ ಆಕಾಶ ನೀಲಿಯಾದಂತೆ ಕಂಡರೂ, ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳೆಲ್ಲ ನೆಲ ಸೇರಿದವೆಂದು ತಿಳಿಯಲಾಗದು. ದೀರ್ಘಕಾಲ ಸುರಿಯುವ ಮಳೆ ಮತ್ತು ಅದರೊಡನೆ ಬರುವ ಹೊಸ ಗಾಳಿ ಈ ಕೆಲಸವನ್ನು ಪೂರ್ಣಗೊಳಿಸಬೇಕು.

ಚಳಿಗಾಲದ ಮುಚ್ಚಳ

ಸಾಮಾನ್ಯವಾಗಿ ಮೇಲೇರಿದಂತೆ ಗಾಳಿ ತಂಪಾಗುತ್ತದೆ. ಸರಾಸರಿ ಲೆಕ್ಕದಲ್ಲಿ ಪ್ರತಿ ಕಿ.ಮೀ.ಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್. ನೆಲದ ಬಳಿಯ ಬಿಸಿ ಗಾಳಿ ಹಗುರವಾಗಿ ಮೇಲೇರುವಾಗ ಹೊಗೆಯನ್ನೂ ಒಯ್ಯುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಸ್ವಚ್ಛ ರಾತ್ರಿಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಮೋಡವಿಲ್ಲದ ಆಕಾಶಕ್ಕೆ ನೆಲವು ತನ್ನ ಶಾಖವನ್ನು ಬೇಗನೆ ಬಿಟ್ಟುಕೊಡುತ್ತದೆ, ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕುಳಿತುಕೊಳ್ಳುತ್ತದೆ. ಇದಕ್ಕೆ ತಾಪ ವಿಲೋಮವೆಂದು ಹೆಸರು. ಒಣ ಹವೆಯ ವಿಜಯಪುರದಲ್ಲಿ ಹಗಲು ಮತ್ತು ರಾತ್ರಿಯ ಉಷ್ಣಾಂಶದ ಅಂತರ ದೊಡ್ಡದು. ಆದುದರಿಂದ ಈ ಮುಚ್ಚಳ ಸುಲಭವಾಗಿ ರೂಪುಗೊಳ್ಳುತ್ತದೆ. ಸೂರ್ಯೋದಯದ ನಂತರ ಎರಡು ಮೂರು ಗಂಟೆ ಕಳೆದು ನೆಲ ಕಾದ ಮೇಲೆಯೇ ಅದು ಒಡೆಯುವುದು.

ದಿನದ ಯಾವ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಇದರೊಡನೆ ಹೊಂದಿಸಿ ನೋಡಬೇಕು. ಸಂಜೆ ಏಳರಿಂದ ಹತ್ತರವರೆಗೆ ವಾಹನಗಳ ದಟ್ಟಣೆ, ರಸ್ತೆ ಬದಿಯ ಒಲೆಗಳು. ಅದೇ ಹೊತ್ತಿಗೆ ಮುಚ್ಚಳ ಇಳಿಯುತ್ತದೆ. ಬೆಳಗಿನ ಜಾವ ಐದರಿಂದ ಎಂಟರವರೆಗೆ ಪೌರಕಾರ್ಮಿಕರು ಒಣ ರಸ್ತೆಯನ್ನು ಗುಡಿಸುತ್ತಾರೆ, ಗುಡಿಸಿದ ಕಸ ಮತ್ತು ತರಗೆಲೆಗೆ ಅಲ್ಲಲ್ಲಿ ಬೆಂಕಿ ಬೀಳುತ್ತದೆ, ಸ್ನಾನದ ನೀರಿನ ಒಲೆಗಳು ಉರಿಯುತ್ತವೆ. ಮುಚ್ಚಳ ಇನ್ನೂ ತೆರೆದಿರುವುದಿಲ್ಲ. ನಸುಕಿನ ‘ಶುದ್ಧ ಗಾಳಿ’ಗೆಂದು ವಾಕಿಂಗ್ ಹೊರಡುವ ಹಿರಿಯರು ಡಿಸೆಂಬರಿನಲ್ಲಿ ದಿನದ ಅತಿ ಕೆಟ್ಟ ಗಾಳಿಯನ್ನು ಉಸಿರಾಡುವ ಸಂಭವವೇ ಹೆಚ್ಚು. ಕಸ ಗುಡಿಸುವವರ ಪಾಡಂತೂ ಹೇಳಬೇಕಾಗಿಲ್ಲ. ದೀಪಾವಳಿ ಅಮಾವಾಸ್ಯೆಯೂ ಮಳೆಗಾಲ ಹಿಂದೆ ಸರಿದು ಗಾಳಿ ನಿಲ್ಲುವ ಸಂಧಿಕಾಲಕ್ಕೇ ಬರುತ್ತದೆ. ಅದೇ ಪಟಾಕಿಯ ಹೊಗೆ ಜುಲೈ ತಿಂಗಳ ಗಾಳಿಗೆ ಸಿಕ್ಕಿದ್ದರೆ ಒಂದೆರಡು ಗಂಟೆಯಲ್ಲಿ ಚದುರುತ್ತಿತ್ತು. ಅಕ್ಟೋಬರ್-ನವೆಂಬರ್ ರಾತ್ರಿಯಲ್ಲಿ ಮರುದಿನದ ಬೆಳಗಿನವರೆಗೂ ಉಳಿಯುತ್ತದೆ.

ಈ ಮುಚ್ಚಳ ಎಷ್ಟು ಕ್ರೂರವಾಗಬಲ್ಲುದು ಎಂಬುದನ್ನು ಇತಿಹಾಸ ತಿಳಿಸಿದೆ. 1948ರ ಅಕ್ಟೋಬರಿನಲ್ಲಿ ಅಮೆರಿಕದ ಡೊನೋರಾ ಎಂಬ ಕಣಿವೆಯ ಊರಿನಲ್ಲಿ ಕಾರ್ಖಾನೆಯ ಹೊಗೆ ತಾಪ ವಿಲೋಮದಡಿ ಸಿಲುಕಿ 20 ಜನ ಸತ್ತರು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಕಲ್ಲಿದ್ದಲಿನ ಹೊಗೆ ಮಂಜಿನೊಡನೆ ಬೆರೆತು ನಿಂತಿತು. ಸತ್ತವರು 4 ಸಾವಿರವೆಂದು ಆಗ ಲೆಕ್ಕ ಹಾಕಲಾಗಿತ್ತು, ನಂತರದ ಅಧ್ಯಯನಗಳು 12 ಸಾವಿರದವರೆಗೂ ಅಂದಾಜಿಸಿದವು. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗಲೂ ತಂಪಾದ, ಗಾಳಿ ಮಂದವಾದ ರಾತ್ರಿಯೇ ಅದನ್ನು ಮಲಗಿದ್ದ ಜನರ ಮೇಲೆ ನೆಲಮಟ್ಟದಲ್ಲಿ ಹರಡಿತು. ಈ ಯಾವ ದುರಂತಕ್ಕೂ ಹವಾಮಾನ ಕಾರಣವಲ್ಲ. ಹೊಗೆ ಮತ್ತು ವಿಷ ಮನುಷ್ಯರವು. ಆದರೆ ಸಾವಿನ ಸಂಖ್ಯೆಯನ್ನು ಹೆಚ್ಚಿಸಿದುದರಲ್ಲಿ ಹವಾಮಾನದ ಪಾಲಿದೆ.

ಬೇಸಗೆಯ ಹೊಲ, ಬೇಸಗೆಯ ಧೂಳು

ಬೇಸಗೆಯಲ್ಲಿ ಮುಚ್ಚಳವಿಲ್ಲ. 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಗಾಳಿ ಕುದಿಯುವಂತೆ ಮೇಲೇರುತ್ತದೆ, ಹೊಗೆಯ ಸಣ್ಣ ಕಣಗಳು ಚದುರುತ್ತವೆ. ಆದರೆ ಇದೇ ಗಾಳಿ ನೆಲದಿಂದ ಧೂಳನ್ನು ಎತ್ತುತ್ತದೆ. ಗಾಳಿಯ ಗುಣವೇ ಹೀಗೆ; ಹೊಗೆಗೆ ಅದು ಪೊರಕೆ, ಧೂಳಿಗೆ ಅದೇ ಗುದ್ದಲಿ. ಚಳಿಗಾಲದ ಸಮಸ್ಯೆ ಮುಖ್ಯವಾಗಿ 2.5 ಮೈಕ್ರಾನಿಗಿಂತ ಸಣ್ಣ ಕಣಗಳದು, ಅಂದರೆ ಪಿಎಂ 2.5. ಬೇಸಗೆಯದು 10 ಮೈಕ್ರಾನ್‌ವರೆಗಿನ ಪಿಎಂ 10. ನೀರಿನಷ್ಟೇ ಸಾಂದ್ರತೆಯ 10 ಮೈಕ್ರಾನ್ ಕಣವೊಂದು ನಿಶ್ಚಲ ಗಾಳಿಯಲ್ಲಿ ಗಂಟೆಗೆ ಸುಮಾರು 10 ಮೀಟರ್ ಕೆಳಗಿಳಿಯುತ್ತದೆ, 2.5 ಮೈಕ್ರಾನ್ ಕಣ ಗಂಟೆಗೆ 1 ಮೀಟರ್ ಕೂಡ ಇಳಿಯುವುದಿಲ್ಲ. ಧೂಳು ಕಣ್ಣಿಗೆ ಕಾಣುತ್ತದೆ, ಬೇಗ ಬೀಳುತ್ತದೆ. ಹೊಗೆಯ ಕಣ ಕಾಣದು, ಬೀಳದು, ಶ್ವಾಸಕೋಶದ ಕೊನೆಯ ಕೋಶಗಳವರೆಗೆ ಇಳಿಯುತ್ತದೆ.

ಬಬಲೇಶ್ವರದ ಸುತ್ತಲಿನ ಡೋಣಿ ನದಿಯ ಬಯಲು ಆಳವಾದ ಎರೆ ಭೂಮಿ. ಇಲ್ಲಿಯ ಹಿಂಗಾರಿ ಪದ್ಧತಿಯಲ್ಲಿ ಜೋಳ, ಕಡಲೆಗಳ ರಾಶಿ ಫೆಬ್ರವರಿ-ಮಾರ್ಚ್ ಹೊತ್ತಿಗೆ ಮುಗಿದು, ಸೆಪ್ಟೆಂಬರಿನ ಬಿತ್ತನೆಯವರೆಗೆ ಹೊಲ ಬರಿದಾಗಿರುತ್ತದೆ. ಬೇಸಗೆಯ ಉಷ್ಣದಲ್ಲಿ ಎರೆಮಣ್ಣು ಬಿರುಕು ಬಿಟ್ಟು ಮೇಲ್ಪದರ ಹರಳು ಹರಳಾಗುತ್ತದೆ. ಹರಳಾಗಿದ್ದಾಗ ಅದು ಗಾಳಿಗೆ ಸುಲಭವಾಗಿ ಹಾರದು. ಆದರೆ ಟ್ರ್ಯಾಕ್ಟರಿನ ಚಕ್ರ, ಮಣ್ಣು ರಸ್ತೆಯ ಟಿಪ್ಪರ್‌ಗಳು ಅದನ್ನು ಪುಡಿ ಮಾಡಿದಾಗ ಹಿಟ್ಟಿನಂತಾಗಿ, ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ಮುಂಚೆ ಬರುವ ಬಿರುಗಾಳಿಯಲ್ಲಿ ಮುಗಿಲೆತ್ತರಕ್ಕೆ ಏಳುತ್ತದೆ. ಟಿಕೋಟಾ ಭಾಗದ ತೆಳು ಮಣ್ಣಿನ ಮಡ್ಡಿಗಳಲ್ಲಿ ಕಳೆದುಕೊಳ್ಳಲು ಮಣ್ಣೇ ಹೆಚ್ಚಿಲ್ಲ. ಹಾರಿಹೋಗುವುದು ಮೇಲ್ಮಣ್ಣಿನ ಅತಿ ಫಲವತ್ತಾದ ನುಣ್ಣನೆಯ ಭಾಗ. ನಗರಕ್ಕೆ ಅದು ಮಾಲಿನ್ಯ, ರೈತನಿಗೆ ನಷ್ಟ. ಬರಗಾಲದಲ್ಲಿ ಈ ನಷ್ಟ ಹೆಚ್ಚುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಂಥ ವರ್ಷಗಳಲ್ಲಿ ಹಿಂಗಾರಿ ಬೆಳೆ ಸರಿಯಾಗಿ ನೆಲ ಮುಚ್ಚುವುದಿಲ್ಲ. ಮುಂದಿನ ಬೇಸಗೆಯ ಗಾಳಿಗೆ ನೆಲ ತೆರೆದೇ ಇರುತ್ತದೆ.

ಒಣದ್ರಾಕ್ಷಿಯ ಶೆಡ್ಡು ಕಲಿಸುವ ಪಾಠ

ಟಿಕೋಟಾ ದ್ರಾಕ್ಷಿಯ ಸೀಮೆ. ವಿಜಯಪುರ ಜಿಲ್ಲೆ ರಾಜ್ಯದ ಒಣದ್ರಾಕ್ಷಿಯ ಮುಖ್ಯ ನೆಲೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲಗಳ ನಡುವೆ ಉದ್ದನೆಯ ಶೆಡ್ಡುಗಳಲ್ಲಿ ಬಲೆಯ ಅಂತಸ್ತುಗಳ ಮೇಲೆ ಹಣ್ಣನ್ನು ಹರಡಿ ನೆರಳಿನಲ್ಲಿ ಒಣಗಿಸುತ್ತಾರೆ. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ಎರಡು ವಾರಗಳಷ್ಟು ಕಾಲ ಬೇಕು. ಈ ಕೆಲಸಕ್ಕೆ ಬೇಕಾದುದು ಒಣ ಹವೆ ಮತ್ತು ಸದಾ ಸುಳಿಯುವ ಗಾಳಿ. ಶೆಡ್ಡನ್ನು ಗಾಳಿಯ ದಿಕ್ಕು ನೋಡಿಯೇ ಕಟ್ಟುತ್ತಾರೆ. ಮಾರ್ಚ್ ತಿಂಗಳಲ್ಲಿ ಅಕಾಲದಲ್ಲಿ ಮೋಡ ಕವಿದು, ತೇವ ಏರಿ, ಗಾಳಿ ನಿಂತರೆ ಹಣ್ಣು ಕಪ್ಪಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಬೆಳೆಗಾರನು ಭಯಪಡುವ ಆ ದಿನವೇ ನಗರದ ಹೊಗೆಯೂ ಕದಲದೆ ನಿಲ್ಲುವ ದಿನ. ಮೋಡದಿಂದಾಗಿ ನೆಲ ಕಾಯದು, ಮಿಶ್ರಣ ಪದರ ಏರದು. ತೇವವನ್ನು ಹೀರಿ ಹೊಗೆಯ ಲವಣಕಣಗಳು ಉಬ್ಬುತ್ತವೆ, ಬೆಳಕನ್ನು ಚದುರಿಸಿ ಮಬ್ಬು ಕವಿಸುತ್ತವೆ. ವಾಯುಸಂಚಾರವೆಂದರೇನು ಎಂಬುದನ್ನು ಟಿಕೋಟಾದ ದ್ರಾಕ್ಷಿ ಬೆಳೆಗಾರನಿಗೆ ಹವಾಮಾನ ಶಾಸ್ತ್ರಜ್ಞರು ಹೊಸದಾಗಿ ಕಲಿಸಬೇಕಾಗಿಲ್ಲ.

ಇದೇ ಶೆಡ್ಡಿಗೆ ಇನ್ನೊಂದು ಮುಖವಿದೆ. ಹೊಂಬಣ್ಣದ ಒಣದ್ರಾಕ್ಷಿಗೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು. ಆ ಬಣ್ಣಕ್ಕಾಗಿ ಹಣ್ಣಿಗೆ ಗಂಧಕದ ಹೊಗೆ ಕೊಡುವ ರೂಢಿಯಿದೆ. ಗಂಧಕ ಉರಿದಾಗ ಹುಟ್ಟುವ ಗಂಧಕದ ಡೈಆಕ್ಸೈಡ್ ಉಸಿರಿನ ನಾಳವನ್ನು ಕೆರಳಿಸುವ, ಆಸ್ತಮಾ ಇರುವವರಿಗೆ ಅಪಾಯಕಾರಿಯಾದ ಅನಿಲ. ಮಧ್ಯಾಹ್ನದ ಗಾಳಿಯಲ್ಲಿ ಕೋಣೆಯ ಬಾಗಿಲು ತೆರೆದರೆ ಅದು ಬೇಗ ಚದುರುತ್ತದೆ. ಸಂಜೆ ಗಾಳಿ ನಿಂತ ಮೇಲೆ ತೆರೆದರೆ ಶೆಡ್ಡಿನ ಪಕ್ಕದ ಗುಡಿಸಿಲುಗಳಲ್ಲಿ, ಹಣ್ಣು ಆರಿಸುವ ಕೂಲಿ ಹೆಣ್ಣುಮಕ್ಕಳ ಮೂಗಿನಲ್ಲಿ ಉಳಿಯುತ್ತದೆ. ಕೇವಲ ಕೆಲವು ಗಂಟೆಗಳ ಹೊಂದಾಣಿಕೆ, ಯಾರಿಗೂ ಖರ್ಚಿಲ್ಲ.

ಒಂದು ಅಂಕಿಯ ಮಿತಿ

ವಿಜಯಪುರ ನಗರದ ಗಾಳಿಯನ್ನು ಅಳೆಯುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರ ಇಬ್ರಾಹಿಂಪುರದಲ್ಲಿದೆ. ಪತ್ರಿಕೆಯಲ್ಲಿ ಬರುವ ‘ವಿಜಯಪುರ’ದ ಅಂಕಿ ಆ ಕೇಂದ್ರದ ಗಾಳಿಯದು. ಟಿಕೋಟಾದ ಶೆಡ್ಡಿನ ಗಾಳಿಯದಲ್ಲ, ಬಬಲೇಶ್ವರದ ದಕ್ಷಿಣಕ್ಕೆ ಕೃಷ್ಣೆಯ ದಂಡೆಯಲ್ಲಿ ಕಬ್ಬಿನ ರವದಿಗೆ ಬೆಂಕಿ ಬಿದ್ದಾಗಿನ ಗಾಳಿಯದಲ್ಲ. ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಅದು ನಗರದ ದಕ್ಷಿಣ ದಿಕ್ಕಿನಲ್ಲಿದೆ. ಮಳೆಗಾಲದ ಪಡುವಣ ಗಾಳಿಯು ಅಲ್ಲಿಯ ಹೊಗೆಯನ್ನು ಪೂರ್ವದ ಹಳ್ಳಿಗಳತ್ತ ಒಯ್ಯುತ್ತದೆ. ಚಳಿಗಾಲದ ಮೂಡಣ ಮತ್ತು ಈಶಾನ್ಯದ ಗಾಳಿಯು ಪಶ್ಚಿಮ, ನೈಋತ್ಯಗಳತ್ತ ಒಯ್ಯುತ್ತದೆ. ಎರಡೂ ಕಾಲದಲ್ಲಿ ನಗರ ಹೆಚ್ಚಾಗಿ ಆ ದಾರಿಯಲ್ಲಿಲ್ಲ. ಇಂಥ ಎತ್ತರದ ಚಿಮಣಿಗಳ ಹೊಗೆಯು ರಾತ್ರಿ ಮುಚ್ಚಳದ ಮೇಲೆ ತೇಲುತ್ತಿದ್ದು, ಬೆಳಿಗ್ಗೆ ಮುಚ್ಚಳ ಒಡೆಯುವಾಗ ಒಮ್ಮೆಲೆ ಕೆಳಗಿಳಿದು ದೂರದ ಹೊಲಗಳನ್ನು ಮುಟ್ಟುವುದೂ ಉಂಟು. ಆದುದರಿಂದ ನಗರದ ಸೂಚ್ಯಂಕ ಹಸಿರಾಗಿದ್ದ ಮಾತ್ರಕ್ಕೆ ಜಿಲ್ಲೆಯ ಗಾಳಿಗೆಲ್ಲ ಪ್ರಮಾಣಪತ್ರ ದೊರೆತಂತಾಗದು.

‘ಉತ್ತಮ’ ಎಂಬ ಪದವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. 2014ರಲ್ಲಿ ಪ್ರಕಟವಾದ ಭಾರತದ ಸೂಚ್ಯಂಕದಲ್ಲಿ 50ರವರೆಗಿನ ಅಂಕಿ ‘ಉತ್ತಮ’. ಅದು ಘನ ಮೀಟರಿಗೆ 30 ಮೈಕ್ರೋಗ್ರಾಂವರೆಗಿನ ಪಿಎಂ 2.5ಕ್ಕೆ ಸಮ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ 24 ಗಂಟೆಗಳ ಮಿತಿ 15. ಭಾರತದ 2009ರ ಮಾನದಂಡ 60. ಅಂದರೆ ಇಲ್ಲಿ ‘ಉತ್ತಮ’ವೆನಿಸಿದ ಗಾಳಿ ಅಲ್ಲಿಯ ಮಿತಿಯ ಎರಡರಷ್ಟು ಮಲಿನವಾಗಿರಲು ಸಾಧ್ಯ. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವು ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಗಳನ್ನು ಆಯ್ದುಕೊಂಡಿತು. ವಿಜಯಪುರ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ ಊರಿಗೆ ಹಣವೂ ಇಲ್ಲ, ಗಡುವೂ ಇಲ್ಲ. ಗಾಳಿಯು ಹೊರೆಯನ್ನು ಮರೆಮಾಡುತ್ತಿರುವವರೆಗೆ ಯಾರೂ ಹೊರೆಯನ್ನು ಎಣಿಸುವುದಿಲ್ಲ. ಹೀಗೆ ಬಯಲಿನ ಊರು ಗಾಳಿಯಿಂದ ಸಾಲ ಪಡೆದು ಬದುಕುತ್ತದೆ; ಗಾಳಿ ನಿಂತ ದಿನ ಸಾಲದ ಬಡ್ಡಿಯನ್ನು ಮಕ್ಕಳು, ಮುದುಕರು, ಬೀದಿಯಲ್ಲಿ ದುಡಿಯುವವರು ತೆರುತ್ತಾರೆ.

ಹೊರೆಯೂ ಹಳೆಯದಾಗಿ ಉಳಿದಿಲ್ಲ. ಏತ ನೀರಾವರಿ ಯೋಜನೆಗಳಿಂದ ಬಬಲೇಶ್ವರ ಮತ್ತು ಟಿಕೋಟಾ ತಾಲ್ಲೂಕುಗಳ ಕೆರೆಗಳಿಗೆ ಕೃಷ್ಣೆಯ ನೀರು ಬಂದಿದೆ. ಬರಗಾಲವನ್ನೇ ಕಂಡಿದ್ದ ಜನರಿಗೆ ಇದು ದೊಡ್ಡ ನೆಮ್ಮದಿ. ನೀರು ಬಂದ ಹೊಲ ಬೇಸಗೆಯಲ್ಲಿ ಹಸಿರಾಗಿದ್ದರೆ ಅಲ್ಲಿ ಧೂಳು ಏಳದು. ಆದರೆ ನೀರು ಬಂದೆಡೆ ಕಬ್ಬೂ ಬರುತ್ತದೆ. ಕಬ್ಬು ಕಡಿದ ಮೇಲೆ ಹೆಕ್ಟೇರಿಗೆ ಸುಮಾರು 8ರಿಂದ 10 ಟನ್ ರವದಿ ಉಳಿಯುತ್ತದೆ. ಕಡಿಯುವ ಕಾಲ ನವೆಂಬರ್‌ನಿಂದ ಮಾರ್ಚ್. ಬೆಂಕಿ ಹಚ್ಚುವ ಹೊತ್ತು ಬಹುತೇಕ ಸಂಜೆ. ವರ್ಷದಲ್ಲಿ ಅತಿ ಕೆಟ್ಟ ಕಾಲ, ದಿನದಲ್ಲಿ ಅತಿ ಕೆಟ್ಟ ಹೊತ್ತು. ಬೇಸಗೆಯ ದಪ್ಪ ಧೂಳನ್ನು ಕಳೆದುಕೊಂಡು ಚಳಿಗಾಲದ ಸಣ್ಣ ಹೊಗೆಯನ್ನು ಪಡೆಯುವುದು ಲಾಭದ ವ್ಯಾಪಾರವಲ್ಲ.

ಏನು ಮಾಡಬಹುದು

ಮೊದಲನೆಯದು, ನೆಲವನ್ನು ಮುಚ್ಚಿಡುವುದು. ವಿಜಯಪುರದ ಒಣಬೇಸಾಯ ಸಂಶೋಧನೆಗೆ 1930ರ ದಶಕದಿಂದಲೂ ಇತಿಹಾಸವಿದೆ. ಅಲ್ಲಿಂದ ಪ್ರಚಾರಕ್ಕೆ ಬಂದ ಚೌಕುಮಡಿ ಪದ್ಧತಿಯು ಮಳೆನೀರನ್ನು ಹೊಲದಲ್ಲಿಯೇ ಇಂಗಿಸುತ್ತದೆ. ತೇವ ಉಳಿದಷ್ಟೂ ಮಣ್ಣು ಹಾರುವುದು ತಡವಾಗುತ್ತದೆ. ಜೋಳದ ಕೂಳೆಯನ್ನು ಕೀಳದೆ ಬಿಡುವುದು, ಪಡುವಣ ಗಾಳಿಗೆ ಅಡ್ಡಲಾಗಿ ಬದುವಿನ ಮೇಲೆ ಬೇವು, ಹುಣಸೆ, ಕರಿಜಾಲಿಗಳನ್ನು ಬೆಳೆಸುವುದು ಮುಂದಿನ ಹೆಜ್ಜೆಗಳು. ಮರದ ಸಾಲೊಂದು ತನ್ನ ಎತ್ತರದ 10ರಿಂದ 20 ಪಟ್ಟು ದೂರದವರೆಗೆ ಗಾಳಿಯ ರಭಸವನ್ನು ತಗ್ಗಿಸುತ್ತದೆ. ಕಬ್ಬಿನ ರವದಿಯನ್ನು ಸುಡದೆ ಸಾಲಿನ ನಡುವೆ ಹೊದಿಸಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಮಣ್ಣಿಗೆ ಇಂಗಾಲ ಸೇರುತ್ತದೆ.

ಎರಡನೆಯದು, ಕಸಕ್ಕೆ ಬೆಂಕಿ ಹಚ್ಚದಿರುವುದು. ಬಯಲಿನಲ್ಲಿ ತ್ಯಾಜ್ಯ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರಿನಲ್ಲಿ ನಿಷೇಧಿಸಿ, 5 ಸಾವಿರ ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25 ಸಾವಿರ ರೂಪಾಯಿ ದಂಡ ವಿಧಿಸಿತು. ಪ್ಲಾಸ್ಟಿಕ್ ಬೆರೆತ ಕಸವನ್ನು ಸುಡಲು ಒಳ್ಳೆಯ ಹೊತ್ತು ಎಂಬುದಿಲ್ಲ. ರಸ್ತೆ ಗುಡಿಸುವ ಮೊದಲು ನೀರು ಚಿಮುಕಿಸುವುದು, ಚಳಿಗಾಲದಲ್ಲಿ ಗುಡಿಸುವ ಹೊತ್ತನ್ನು ಬಿಸಿಲೇರಿದ ನಂತರಕ್ಕೆ ಬದಲಿಸುವುದು ನಗರಾಡಳಿತದ ಕೈಯಲ್ಲಿರುವ ಕೆಲಸಗಳು.

ಮೂರನೆಯದು, ಹವಾಮಾನ ಮುನ್ಸೂಚನೆಯ ಬಳಕೆ. ಮಂಗಳವಾರ ಮತ್ತು ಶುಕ್ರವಾರ ಪ್ರಕಟವಾಗುವ ಕೃಷಿ ಹವಾಮಾನ ಸಲಹಾ ಪತ್ರಿಕೆಯಲ್ಲಿ ಮುಂದಿನ ಐದು ದಿನಗಳ ಮಳೆ, ಮೋಡ, ತೇವಾಂಶದ ಜೊತೆಗೆ ಗಾಳಿಯ ವೇಗ ಮತ್ತು ದಿಕ್ಕು ಇರುತ್ತವೆ. ರೈತರು ಮಳೆಯ ಸಾಲನ್ನು ಮಾತ್ರ ಓದುತ್ತಾರೆ. ಗಾಳಿಯ ಸಾಲನ್ನೂ ಓದಿದರೆ ಹೊಗೆ ಎತ್ತ ಹೋಗುವುದು, ನಿಲ್ಲುವುದೋ ಹರಿಯುವುದೋ ಎಂಬುದನ್ನು ಮುಂಚಿತವಾಗಿಯೇ ತಿಳಿಯಬಹುದು.

ನಾಲ್ಕನೆಯದು, ಅಂಕಿಗಳನ್ನು ಸರಿಯಾಗಿ ಹೋಲಿಸುವುದು. ಜುಲೈ ತಿಂಗಳ ಸೂಚ್ಯಂಕವನ್ನು ತೋರಿಸಿ ಸಾಧನೆಯೆನ್ನುವುದು, ಡಿಸೆಂಬರಿನದನ್ನು ತೋರಿಸಿ ವಿನಾಶವೆನ್ನುವುದು ಎರಡೂ ತಪ್ಪು. ಒಂದು ಡಿಸೆಂಬರನ್ನು ಇನ್ನೊಂದು ಡಿಸೆಂಬರಿನೊಡನೆ, ಅದೇ ಗಾಳಿಯ ದಿನವನ್ನು ಅದೇ ಗಾಳಿಯ ದಿನದೊಡನೆ ಹೋಲಿಸಬೇಕು. ಆಗ ಮಾತ್ರ ಹೊರೆ ಏರಿತೋ ಇಳಿಯಿತೋ ತಿಳಿಯುತ್ತದೆ.

ಮಲೆನಾಡಿಗೆ ಇದರ ಅರ್ಥ

ವಿಜಯಪುರಕ್ಕಿರುವ ತೆರೆದ ಬಯಲು ಮಲೆನಾಡಿನ ಊರುಗಳಿಗಿಲ್ಲ. ಮಡಿಕೇರಿಯು ಬೆಟ್ಟದ ಏಣಿನ ಮೇಲಿದೆ. ಆದರೆ ಶೃಂಗೇರಿ, ತೀರ್ಥಹಳ್ಳಿಗಳು ತುಂಗೆಯ ಕಣಿವೆಯಲ್ಲಿವೆ. ಚಳಿಗಾಲದ ರಾತ್ರಿ ಗುಡ್ಡದ ಇಳಿಜಾರಿನ ತಣ್ಣನೆಯ ಗಾಳಿ ನೀರಿನಂತೆ ಕೆಳಗೆ ಹರಿದು ಕಣಿವೆಯಲ್ಲಿ ನಿಲ್ಲುತ್ತದೆ. ಬೆಳಗಿನ ಹೊತ್ತು ಗುಡ್ಡದ ಮೇಲಿನಿಂದ ನೋಡಿದರೆ ಬಚ್ಚಲ ಒಲೆಗಳ, ಅಡಿಕೆ ಬೇಯಿಸುವ ಒಲೆಗಳ ಹೊಗೆಯು ಮಂಜಿನೊಡನೆ ಬೆರೆತು ತೋಟದ ಮೇಲೆ ಚಪ್ಪಟೆಯಾಗಿ ಹಾಸಿರುವುದು ಕಾಣುತ್ತದೆ. ನೋಟ ಸುಂದರ. ಆದರೆ ಅದು ಡೊನೋರಾದ ಮೇಲೆ ಕುಳಿತಿದ್ದ ಮುಚ್ಚಳದ ಜಾತಿಯದೇ. ಬಯಲಿನಲ್ಲಿ ಬಿಸಿಲು ಎಂಟಕ್ಕೆ ನೆಲ ಮುಟ್ಟಿದರೆ ಆಳ ಕಣಿವೆಯಲ್ಲಿ ಹತ್ತಾಗಬಹುದು. ಅಷ್ಟು ಹೊತ್ತು ಮುಚ್ಚಳ ಹೆಚ್ಚಾಗಿ ಉಳಿಯುತ್ತದೆ. ಮರದ ಸಾಲುಗಳು ಧೂಳನ್ನು ತಡೆದರೂ ಕಣಿವೆಯಲ್ಲಿ ನಿಂತ ಗಾಳಿಯನ್ನು ಕದಲಿಸಲಾರವು.

ಆದುದರಿಂದ ವಿಜಯಪುರ ತಾಳಿಕೊಳ್ಳುವ ಹೊರೆಯನ್ನು ಕಣಿವೆಯ ಊರು ತಾಳಿಕೊಳ್ಳಲಾರದು. ಪಟ್ಟಣ ಪಂಚಾಯತಿಯ ಕಸದ ಗುಂಡಿ, ಜಲ್ಲಿ ಕ್ರಷರ್, ಇಟ್ಟಿಗೆ ಗೂಡು, ಬಸ್ ನಿಲ್ದಾಣ ಎಲ್ಲಿರಬೇಕೆಂಬ ಪ್ರಶ್ನೆ ಗ್ರಾಮಸಭೆಯ ಮುಂದೆ ಬಂದಾಗ ಜನರು ನೀರಿನ ಮೂಲ ಎಲ್ಲಿದೆಯೆಂದು ಕೇಳುತ್ತಾರೆ, ರಸ್ತೆ ಎಲ್ಲಿದೆಯೆಂದು ಕೇಳುತ್ತಾರೆ. ಇನ್ನು ಮುಂದೆ ಚಳಿಗಾಲದ ರಾತ್ರಿ ಅಲ್ಲಿಯ ಗಾಳಿ ಎತ್ತ ಹರಿಯುತ್ತದೆ ಎಂದೂ ಕೇಳಬೇಕು. ಟಿಕೋಟಾದ ದ್ರಾಕ್ಷಿ ಬೆಳೆಗಾರನು ಶೆಡ್ಡು ಕಟ್ಟುವ ಮೊದಲು ಕೇಳಿಕೊಳ್ಳುವುದು ಇದೇ ಪ್ರಶ್ನೆ.

ಉತ್ತರ ಪಡೆಯಲು ದುಬಾರಿ ಯಂತ್ರ ಬೇಕಾಗಿಲ್ಲ. ಶಾಲೆಯ ವಿದ್ಯಾರ್ಥಿಗಳು ನವೆಂಬರ್‌ನಿಂದ ಫೆಬ್ರವರಿವರೆಗೆ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಮತ್ತು ಮಧ್ಯಾಹ್ನ ಎರಡಕ್ಕೆ ಊರಿನ ಒಂದು ನಿಶ್ಚಿತ ಒಲೆಯ ಹೊಗೆಯನ್ನು ನೋಡಿ ನೋಟ್ ಪುಸ್ತಕದಲ್ಲಿ ಬರೆಯಲಿ: ನೇರ ಏರಿತೇ, ಬಾಗಿತೇ, ಯಾವ ದಿಕ್ಕಿಗೆ ಬಾಗಿತು, ಸ್ವಲ್ಪ ಏರಿ ಚಪ್ಪಟೆಯಾಗಿ ಹರಡಿತೇ, ಎದುರಿನ ಗುಡ್ಡ ಸ್ಪಷ್ಟವಾಗಿ ಕಂಡಿತೇ. ಎರಡು ಚಳಿಗಾಲದ ಇಂಥ ದಾಖಲೆಯಿದ್ದರೆ ಗ್ರಾಮಸಭೆಯಲ್ಲಿ ಅದನ್ನು ಮುಂದಿಟ್ಟು ಮಾತಾಡಬಹುದು. ಈ ವರ್ಷದ ಮಳೆ ನಿಂತ ಮೊದಲ ವಾರದಿಂದಲೇ ಆ ಪುಸ್ತಕ ಆರಂಭವಾಗಲಿ.